ಬ್ರೇಕ್ ಪ್ಯಾಡಿನ ಕೂಲಿ

ಬೈರೇಶ್ ಓಡಿಸುತ್ತಿದ್ದ ಪಿಕಪ್ ಅವನದಲ್ಲ, ಕನಕಪುರದಲ್ಲಿ ಸಿಮೆಂಟ್ ಅಂಗಡಿ ಇಟ್ಟಿದ್ದ ದಯಾನಂದ್ ಅವರದು. ಆದರೂ ಕೋಡಿಹಳ್ಳಿ ಕಡೆಯ ಅವನ ಊರಿನಲ್ಲಿ ಅದಕ್ಕೆ ‘ಬೈರೇಶನ ಗಾಡಿ’ ಎಂದೇ ಹೆಸರು. ಅವನೂ ಯಾರನ್ನೂ ತಿದ್ದಲು ಹೋಗಿರಲಿಲ್ಲ. ಸಂಬಳಕ್ಕೆ ದುಡಿಯುವವನಿಗೆ ಇಂಥ ಪುಕ್ಕಟೆ ಗೌರವ ಬೇರೆಲ್ಲಿ ಸಿಗಬೇಕು?

ಬ್ರೇಕ್ ಒತ್ತಿದಾಗೆಲ್ಲ ಗಾಡಿ ಕಿರುಚತೊಡಗಿದಾಗ ದಯಾನಂದ್ ಪ್ಯಾಡಿಗೂ ಮೆಕ್ಯಾನಿಕ್ ಕೂಲಿಗೂ ದುಡ್ಡು ಕೊಟ್ಟು, “ಮೊದ್ಲು ಹಾಕಿಸ್ಬುಡು. ಯಾರ್ಗಾದ್ರೂ ಗುದ್ಬುಟ್ಟು ಬಂದು ನನ್ ಮುಂದೆ ನಿಂತ್ಕಬೇಡ” ಎಂದರು. ಬೈರೇಶ್ ಪ್ಯಾಡು ಕೊಂಡ. ಕೂಲಿ ಜೇಬಿನಲ್ಲೇ ಉಳಿಯಿತು. ಹಿಂದೊಮ್ಮೆ ಮೆಕ್ಯಾನಿಕ್ ಪಕ್ಕ ಕುಕ್ಕರಗಾಲಲ್ಲಿ ಕೂತು ಟೀ ಕುಡಿಯುತ್ತ ಎಲ್ಲ ನೋಡಿಕೊಂಡಿದ್ದ. ಮಿಕ್ಕಿದ್ದನ್ನು ಮೊಬೈಲ್ ಹೇಳಿಕೊಡುತ್ತದೆ. ಎಸ್ಸೆಸ್ಸೆಲ್ಸಿಯಲ್ಲೇ ಗಣಿತದ ಹತ್ತಿರ ಮುಗ್ಗರಿಸಿದವನಿಗೆ ಎಂಜಿನಿಯರ್ ಆಗಲು ಇನ್ನೊಂದು ಅವಕಾಶ ಬರುವುದೂ ಅನುಮಾನವಿತ್ತು. ಉಳಿದ ಕೂಲಿಗೆ, ರೇಷ್ಮೆ ಗೂಡು ಮಾರಿದ ದಿನ ಹೆಂಡತಿಗೊಂದು ಸೀರೆ ತರುವುದೆಂದು ಅವನ ಯೋಜನೆ.

ಹೆಂಡತಿ ನಯನ ಮದುವೆಯಾದಂದಿನಿಂದ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಿದ್ದವಳು. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವ ಬದುಕು. ಮಗಳು ಅನುಷಾ ಅಜ್ಜಿ ಕೃಷ್ಣಮ್ಮನನ್ನೇ ಅಮ್ಮ ಎನ್ನಲು ಶುರುಮಾಡಿದ ಮೇಲೆ ನಯನ ಕೆಲಸ ಬಿಟ್ಟಳು. ಕಣ್ಣು ಮಂಜಾಗಿ ಅತ್ತೆ ಕೈಬಿಟ್ಟಿದ್ದ ರೇಷ್ಮೆ ಹುಳುವನ್ನು ತಾನೇ ಸಾಕತೊಡಗಿದಳು. “ಇದೊಂದ್ ಬೆಳೆ ಕೈ ಹಿಡೀಲಿ, ಆಮ್ಯಾಕೆ ಆ ಬಸ್ಸಿನ ಮಕಾನೂ ನೋಡಕಿಲ್ಲ” ಎನ್ನುತ್ತಿದ್ದಳು. ಹುಳು ನಾಲ್ಕನೇ ಜ್ವರವೆಂಬ ಕೊನೆಯ ನಿದ್ದೆಯಿಂದ ಎದ್ದು, ಪೊರೆ ಬಿಟ್ಟು, ಬೆರಳುದ್ದ ಬೆಳೆದಿದ್ದವು. ಇನ್ನು ಹಣ್ಣಾಗಿ ಗೂಡು ಕಟ್ಟುವುದೊಂದೇ ಬಾಕಿ.

ಹುಳುಮನೆಗೆ ಬೈರೇಶನೇ ಕಾವಲು. ಬೀಡಿ ಸೇದಿ ಬಂದವರಿಗೆ ಬಾಗಿಲು ಬಂದ್. ಪಕ್ಕದ ಮನೆಯ ಅಂಕಯ್ಯನಿಗಂತೂ ದೂರದಿಂದಲೇ ಕೂಗುತ್ತಿದ್ದ: “ಅಣ್ಣೋ, ಟಮಾಟೆಗೆ ಔಷ್ದಿ ಹೊಡ್ದಿರೋ ಬಟ್ಟೇಲಿ ಈ ಕಡೆ ತಲೆ ಹಾಕ್ಬೇಡ! ಎಷ್ಟ್ ತೊಳುದ್ರೂ ಹುಳಕ್ಕೆ ಗೊತ್ತಾಯ್ತದೆ.”

“ಓಹೋಹೋ, ಹುಳದ ಡಾಕ್ಟ್ರು ಕಣ್ರಪ್ಪಾ!” ಎಂದು ಅಂಕಯ್ಯ ನಗುತ್ತ ಸುತ್ತುಬಳಸಿ ಹೋಗುತ್ತಿದ್ದ.

ಆ ಡಾಕ್ಟರು ಭಾನುವಾರ ಗಾಡಿಯನ್ನು ಹುಳುಮನೆಯ ನೆರಳಿಗೆ ತಂದು ನಿಲ್ಲಿಸಿ ಚಕ್ರ ಬಿಚ್ಚಿದರು. ಒಳಗೆಲ್ಲ ಹಳೇ ಪ್ಯಾಡು ಸವೆದ ಕಪ್ಪು ಧೂಳು. ಮೊಬೈಲ್ ವಿಡಿಯೋದವನು ಜೋರು ನೀರಿನಿಂದ ತೊಳೆಯುತ್ತಿದ್ದ. ಅಂಕಯ್ಯನ ಜಗಲಿಯ ಮೇಲೆ ಬೆನ್ನಿಗೆ ಕಟ್ಟುವ ಔಷಧಿ ಪಂಪು ಇತ್ತು. ಬೈರೇಶ್ ಅದನ್ನು ಎರಡು ಸಲ ಜಾಲಿಸಿ, ಮೂಸಿ ನೋಡಿ, ನೀರು ತುಂಬಿ ಹೊಡೆದ. ಹನಿ ಪುಡಿಪುಡಿಯಾಗಿ ಎದ್ದು, ಅವನ ಮುಖಕ್ಕೆ ತಣ್ಣಗೆ ಬಡಿದು, ಬೆನ್ನ ಹಿಂದಿದ್ದ ಹುಳುಮನೆಯ ಪರದೆ ಕಿಟಕಿಯ ಕಡೆ ತೇಲಿತು. ಪಂಪು ಒಳಗೆ ಹೋಗಿಲ್ಲ, ತಾನೂ ಹೋಗಿಲ್ಲ. ಗಾಳಿಯನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹೊಸ ಪ್ಯಾಡು ಕೂತಿತು. ಗಾಡಿ ಪಿಟ್ಟೆನ್ನದೆ ನಿಂತಿತು. “ನೋಡ್ದಾ, ಹೆಂಗ್ ನಿಲ್ತು!” ಎಂದ.

“ನಿಂತಿದ್ ಸಾಕು, ಒಸಿ ದಾರಿ ಬುಡಿ” ಎಂದು ನಯನ ತಲೆಯ ಮೇಲಿನ ಹಿಪ್ಪುನೇರಳೆ ಸೊಪ್ಪಿನ ಹೊರೆಯೊಂದಿಗೆ ಒಳಗೆ ಹೋದಳು.

ಸಂಜೆಗೆ ಕಿಟಕಿ ಪಕ್ಕದ ಹುಳುಗಳು ಸೊಪ್ಪು ಮುಟ್ಟಲಿಲ್ಲ. ತಲೆ ಎತ್ತಿ ಅತ್ತಿತ್ತ ಒದ್ದಾಡಿ ಹಸಿರು ಕಕ್ಕಿದವು. ಬೆಳಗಾಗುವಷ್ಟರಲ್ಲಿ ಹೆಚ್ಚುಪಾಲು ಕುಗ್ಗಿ ಬಿದ್ದಿದ್ದವು. ಕೃಷ್ಣಮ್ಮ ಒಂದನ್ನು ಅಂಗೈಯಲ್ಲಿಟ್ಟು ಸವರಿ, “ಔಷ್ದಿ ತಾಕೈತೆ” ಎಂದಳು.

ಕರೆದಾಗ ಬಂದ ಅಂಕಯ್ಯ ಬಾಗಿಲಲ್ಲೇ ಕೈಮುಗಿದ. “ನನ್ ಮಗಳಾಣೆ ಕಣವ್ವಾ, ಈ ವಾರ ನಾನ್ ಪಂಪೇ ಮುಟ್ಟಿಲ್ಲ.”

“ಅವನಲ್ಲ. ಪಂಪಲ್ಲಿ ಚಕ್ರ ತೊಳ್ದೋನು ನಾನು” ಎಂದ ಬೈರೇಶ್. “ಎರಡ್ ಸಲ ಜಾಲ್ಸಿದ್ದೆ.”

ನಯನ ಬೈಯಲಿಲ್ಲ. “ಎಷ್ಟ್ ತೊಳುದ್ರೂ ಗೊತ್ತಾಯ್ತದೆ ಅಂತ ನೀವೇ ಹೇಳ್ತಿದ್ರಲ್ಲಾ” ಎಂದಳು, ನಿಜವಾಗಿಯೂ ಅರ್ಥವಾಗದವಳ ಹಾಗೆ. ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.

ಗುಂಡಿ ತೋಡಿ, ಸತ್ತ ಹುಳುಗಳನ್ನು ಸುರಿದು, ಸುಣ್ಣ ಹಾಕಿ ಮುಚ್ಚಿದರು. ಮೂಲೆಯ ತಟ್ಟೆಯೊಂದರಲ್ಲಿ ಒಂದಿಷ್ಟು ಹುಳು ಇನ್ನೂ ಮೇಯುತ್ತಿದ್ದವು. ಗೂಡಾದರೂ ಮಾರುಕಟ್ಟೆಗೆ ಒಯ್ಯುವಷ್ಟು ಆಗುವುದಿಲ್ಲವೆಂದು ಗೊತ್ತಿದ್ದೂ ನಯನ ಅವಕ್ಕೆ ಹೊತ್ತುಹೊತ್ತಿಗೆ ಸೊಪ್ಪು ಹಾಕಿದಳು.

ಕನಕಪುರದಲ್ಲಿ ದಯಾನಂದ್ ಬ್ರೇಕ್ ಒತ್ತಿ ನೋಡಿ ಮೆಚ್ಚಿಕೊಂಡರು. “ಚೆನ್ನಾಗ್ ಕೂರ್ಸವ್ನೆ. ಕೂಲಿ ಜಾಸ್ತಿ ಕೇಳುದ್ನೇನಪ್ಪ?”

“ಒಸಿ ಜಾಸ್ತಿನೇ ಆಯ್ತು ಸಾ.”

ಮುಂದಿನ ಸೋಮವಾರ ಇನ್ನೂ ಬೆಳಕು ಹರಿಯುವ ಮೊದಲು ಬೈರೇಶನೇ ನಯನಳನ್ನು ಪಿಕಪ್‌ನಲ್ಲಿ ಮೇನ್ ರೋಡಿಗೆ ಬಿಟ್ಟ. ಗಾರ್ಮೆಂಟ್ಸ್ ಬಸ್ಸಿನ ಕಿಟಕಿಯಿಂದ ಹಳೇ ಜೊತೆಗಾತಿ ಶಬ್ನಮ್, “ಬಂದ್ಬುಟ್ಯಾ? ನಿನ್ ಸೀಟು ಹಂಗೇ ಐತೆ ಕಣೆ!” ಎಂದು ಕೂಗಿದಳು. ನಯನ ನಗಲು ನೋಡಿದಳು. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿ, “ತೋಟದಲ್ಲಿ ಸೊಪ್ಪು ಬಲ್ತೋಗ್ತಾ ಐತೆ. ಕುಯ್ಕಂಡ್ ಹೋಗಿ ಕುರಿಗಾದ್ರೂ ಹಾಕಿ ಅಂತ ಅಂಕಯ್ಯಣ್ಣುಂಗೆ ಹೇಳ್ಬುಡಿ” ಎಂದಳು.