ನಕಾಶೆಯಲ್ಲಿಲ್ಲದ ಬಾಗಿಲು

ವಿಶಾಖಾ ಟಿಕೋಟಾದ ಹೈಸ್ಕೂಲೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ವಯಸ್ಸು ನಲವತ್ತಾರು. ಬ್ರಿಟಿಷರ ಆಳ್ವಿಕೆಯಲ್ಲಿ ಹಳೆಯ ಮುಂಬಯಿ ಪ್ರಾಂತದ ಊರುಗಳಲ್ಲಿ ತಲೆಯೆತ್ತಿದ ಕಲಾಶಾಲೆಗಳ ಕಟ್ಟಡಗಳನ್ನು ಅಳೆದು, ಚಿತ್ರಿಸಿ, ಅವುಗಳ ಚರಿತ್ರೆಯನ್ನು ದಾಖಲಿಸುವ ಕೆಲಸವನ್ನು ಹನ್ನೊಂದು ವರ್ಷಗಳಿಂದ ಮಾಡುತ್ತಿದ್ದಾಳೆ. ಯಾರೂ ಒಪ್ಪಿಸಿದ ಕೆಲಸವಲ್ಲ. ಬೇಸಿಗೆ ರಜೆಯಲ್ಲಿ, ಎರಡನೆಯ ಶನಿವಾರಗಳಲ್ಲಿ ಬಸ್ಸು ಹತ್ತಿ ಹೋಗುತ್ತಾಳೆ. ಬಬಲೇಶ್ವರದ ಕಾಲೇಜಿನಲ್ಲಿ ಇತಿಹಾಸ ಕಲಿಸುವ ನನ್ನ ಪಾಲಿಗೆ ಬಂದದ್ದು ಟೇಪಿನ ಇನ್ನೊಂದು ತುದಿ ಹಿಡಿದು, ಆಕೆ ಹೇಳಿದ ಅಂಕಿಯನ್ನು ಬರೆದುಕೊಳ್ಳುವುದು.

ಪ್ರತಿಯೊಂದು ಅಳತೆಯನ್ನೂ ಆಕೆ ಎರಡು ಸಲ ತೆಗೆದುಕೊಳ್ಳುತ್ತಾಳೆ, ಒಮ್ಮೆ ಈ ತುದಿಯಿಂದ, ಒಮ್ಮೆ ಆ ತುದಿಯಿಂದ. ಗೋಡೆ ವಾಲಿದ್ದರೆ ವಾಲಿದಂತೆಯೇ ಬರೆಯುತ್ತಾಳೆ. ಕಿಟಕಿ ಹಾರಿಹೋಗಿದ್ದರೆ ಬರಿಯ ಕಂಡಿಯನ್ನೇ ಬರೆಯುತ್ತಾಳೆ.

ನಮ್ಮ ಜಿಲ್ಲಾ ಕೇಂದ್ರದಲ್ಲಿ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ಕಲಾಶಾಲೆ 1924ರದು. ಕರಿಕಲ್ಲಿನ ಕಟ್ಟಡ, ಬಿಸಿಲು ನೇರವಾಗಿ ಬೀಳದೆ ಬೆಳಕು ಮಾತ್ರ ಸಮವಾಗಿ ಇಳಿಯಲೆಂದು ಉತ್ತರದ ಗೋಡೆಗೆ ಎತ್ತರದ ಕಿಟಕಿಗಳು. 2024ರ ಮಾರ್ಚ್ 9ರಂದು ನಾವು ಆ ಗೋಡೆಯನ್ನು ಅಳೆದೆವು. ಅದರ ಮೂಲೆಯಲ್ಲಿ, ಗಟಾರದ ಸಂದಿಗೆ ತೆರೆಯುವ ಒಂದು ಕಿರುಬಾಗಿಲಿತ್ತು. ಅಗಲ ಎರಡು ಅಡಿ ಮೂರು ಅಂಗುಲ, ಎತ್ತರ ಐದು ಅಡಿ. ಶಾಲೆಯ ಕಪಾಟಿನಲ್ಲಿದ್ದ ಮೂಲ ನಕಾಶೆಯಲ್ಲಿ ಅದು ಇರಲಿಲ್ಲ. ಅಕ್ಕಪಕ್ಕದ ಕಲ್ಲುಗಳ ಮೇಲೆ ಉಳಿಯ ಒರಟು ಗುರುತುಗಳಿದ್ದವು. ಗೋಡೆ ಎದ್ದ ಎಷ್ಟೋ ವರ್ಷಗಳ ಮೇಲೆ ಕಡಿದ ಬಾಗಿಲದು.

ಅದರ ಕಥೆಯನ್ನು ಹೇಳಿದವಳು ಭೂತನಾಳದಲ್ಲಿರುವ ವಿಶಾಖಾಳ ತಾಯಿ ಪರಸವ್ವ. ಪರಸವ್ವನ ತಂದೆ ಹಣಮಂತ ಕಲ್ಲು ಹೊರುವವರು. 1951ರಿಂದ ಇಪ್ಪತ್ತಮೂರು ವರ್ಷ ಅದೇ ಶಾಲೆಯಲ್ಲಿ ಮಾಡೆಲ್ ಆಗಿ ನಿಂತವರು. ವಿದ್ಯಾರ್ಥಿಗಳು ಜೀವಂತ ಮೈಯನ್ನು ಎದುರಿಗಿಟ್ಟುಕೊಂಡು ಚಿತ್ರ ಬರೆಯಬೇಕೆಂಬುದು ಇಂಗ್ಲೆಂಡಿನಿಂದ ಬಂದ ಪಾಠಕ್ರಮ. ಎರಡು ತಾಸು ಅಲುಗಾಡದೆ ನಿಲ್ಲಲು ಹಣಮಂತರ ಮೈ ಬೇಕಾಗಿತ್ತು. ಅವರ ಜಾತಿಯವರು ಮುಂಬಾಗಿಲಿನಿಂದ, ಕುಡಿಯುವ ನೀರಿನ ಹರವಿಗಳ ಪಕ್ಕದಲ್ಲಿ ಹಾದು ಬರುವುದು ಮಾತ್ರ ಬೇಡವಾಗಿತ್ತು. ಆದ್ದರಿಂದ ಗೋಡೆಯನ್ನು ಕಡಿದರು. ಪರಸವ್ವ ಚಿಕ್ಕವಳಿದ್ದಾಗ ರೊಟ್ಟಿ ಬುತ್ತಿ ಹಿಡಿದು ಆ ಸಂದಿಯಲ್ಲೇ ನಿಂತಿರುತ್ತಿದ್ದಳು.

“ಒಳಗ ನಲವತ್ತ ಹುಡುಗ್ರು ನಮ್ಮಪ್ಪನ ಮೈ ನೋಡಿ ನೋಡಿ ಬರಿಯಾವ್ರು ಬೇ,” ಎಂದಳು ಮಗಳಿಗೆ. “ಹೊರಗ ಬಂದ್ರ ಒಬ್ಬನೂ ಮಾರಿ ನೋಡ್ತಿದ್ದಿಲ್ಲ.”

ಶಾಲೆಯ ಗೌರವ ಕಾರ್ಯದರ್ಶಿ ಗುರಲಿಂಗಪ್ಪನವರು ಬಟ್ಟೆ ವ್ಯಾಪಾರಿಗಳು, ಅದೇ ಶಾಲೆಯ ಹಳೆಯ ವಿದ್ಯಾರ್ಥಿ. ಶತಮಾನೋತ್ಸವಕ್ಕೆ ಕಟ್ಟಡವನ್ನು ದುರಸ್ತಿ ಮಾಡಿಸುತ್ತಿದ್ದರು. ವಿಶಾಖಾಳ ಅಳತೆಚಿತ್ರಗಳ ನಲವತ್ಮೂರು ಹಾಳೆಗಳನ್ನೂ ಪುಸ್ತಕವಾಗಿ ಅಚ್ಚು ಹಾಕಿಸುವುದಾಗಿ ಒಪ್ಪಿದ್ದರು. ಅವರ ಕೋಣೆಯ ಗೋಡೆಗೆ, ವಿದ್ಯಾರ್ಥಿಯಾಗಿದ್ದಾಗ ಅವರೇ ಬರೆದು ಬಹುಮಾನ ಪಡೆದ ಇದ್ದಿಲಿನ ಚಿತ್ರವೊಂದಿತ್ತು. ಬರಿಮೈಯ ಮನುಷ್ಯ. ಕೆಳಗೆ ‘ಕೂಲಿಕಾರ’ ಎಂದಿತ್ತು.

ಹಾಳೆಗಳನ್ನು ಒಂದೊಂದಾಗಿ ಮೆಚ್ಚುತ್ತ ಬಂದವರು ಕಿರುಬಾಗಿಲಿದ್ದ ಹದಿನೇಳನೆಯದರ ಮೇಲೆ ಬೆರಳಿಟ್ಟರು. ದುರಸ್ತಿಯೆಂದರೆ ಕಟ್ಟಡವನ್ನು ಮೂಲ ರೂಪಕ್ಕೆ ತರುವುದು; ಮೂಲದಲ್ಲಿ ಈ ಬಾಗಿಲಿಲ್ಲ; ಮುಂದಿನ ತಿಂಗಳು ಗೌಂಡಿಗಳು ಮುಚ್ಚುತ್ತಾರೆ; ಚಿತ್ರದಿಂದಲೂ ತೆಗೆದುಬಿಡಬೇಕು ಎಂದರು. ಚಹಾ ತರಿಸಿ, ಸೌಜನ್ಯದಿಂದಲೇ ಹೇಳಿದರು. ಬಾಗಿಲು ಯಾಕೆ ಬಂತೆಂಬುದನ್ನು ವಿಶಾಖಾ ವಿವರಿಸಿದಳು.

“ನನಗೇನ ಗೊತ್ತಿಲ್ಲೇನ್ರಿ ಟೀಚರ. ಅಲ್ಲಿ ನೋಡ್ರಿ, ನಾನೂ ಬರದೇನಿ ಅವನ್ನ. ಭಾಳ ಚೊಲೋ ಮನಷ್ಯಾ. ನೂರ ವರ್ಷದ ಕಾರ್ಯಕ್ರಮದಾಗ ಆ ಹೊಲಸ ಯಾಕ ಕೆದರತೀರಿ?”

“ಅವರ ಹೆಸರೇನ್ರಿ ಸರ?”

ಗುರಲಿಂಗಪ್ಪನವರು ಚಿತ್ರದ ಕಡೆ ನೋಡಿದರು. “ನಾವು ಮಾಡೆಲ್ ಅಂತ ಕರೀತಿದ್ದಿವಿ.”

“ಹಣಮಂತ. ನಮ್ಮವ್ವನ ಅಪ್ಪ.”

ಅವರು ಕಪ್ಪನ್ನು ಬಸಿಯ ಮೇಲೆ ತಿರುಗಿಸಿದರು. ಆಮೇಲೆ, ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ಅಳಿಸಬೇಕಾದದ್ದು ಎರಡು ಗೆರೆ ಮಾತ್ರ, ಅಳಿಸಿದರೆ ಪುಸ್ತಕ ನಾಳೆಯೇ ಅಚ್ಚಿಗೆ ಹೋಗುತ್ತದೆ, ಇಲ್ಲವಾದರೆ ಸಮಿತಿ ಒಪ್ಪುವುದಿಲ್ಲ ಎಂದರು. ಬೇರೆ ಪ್ರಕಾಶಕರು ಇರಲಿಲ್ಲ. ಏಳು ಕಡೆ ಕೇಳಿದ್ದೆವು. ವಿಶಾಖಾ ನಲವತ್ಮೂರು ಹಾಳೆಗಳನ್ನೂ ಕೊಳವೆಗೆ ಸುತ್ತಿಕೊಂಡು ಎದ್ದಳು. ಚಹಾ ಮುಟ್ಟಿರಲಿಲ್ಲ.

ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ನಾನು ನಡುಮಾರ್ಗವೊಂದನ್ನು ಸೂಚಿಸಿದೆ: ಚಿತ್ರದಿಂದ ತೆಗೆದು, ಚಿಕ್ಕ ಅಕ್ಷರದಲ್ಲಿ ಅಡಿಟಿಪ್ಪಣಿ ಹಾಕಬಹುದಲ್ಲ.

“ಟೇಪ್ ಹಿಡದವ್ರು ನೀವ ಅದೀರಿ ಸರ,” ಎಂದಳು. “ಎರಡ ಅಡಿ ಮೂರ ಅಂಗುಲ. ನಮ್ಮಜ್ಜನ್ನ ಆ ಸಂದ್ಯಾಗ ಇಟ್ಟರು. ಈಗ ನೀವು ಹಾಳಿ ತಳಕ ಇಡಂತೀರಿ.”

ಆ ಮಾತನ್ನು ಅಂದಿನ ದಿನಚರಿಯಲ್ಲಿ ಇದ್ದಂತೆ ಬರೆದಿದ್ದೇನೆ.

ಏಪ್ರಿಲ್ 10ರಂದು ಬಾಗಿಲನ್ನು ಮುಚ್ಚಿದರು. ಅದೇ ವಾರ, ಎರಡನೆಯ ಶನಿವಾರದಂದು, ವಿಶಾಖಾ ನನ್ನನ್ನು ಕರೆದಳು. ಟೇಪು ಹಿಡಿದು ಗಟಾರದ ಸಂದಿಗೆ ಇಳಿದೆವು. ಸಿಮೆಂಟು ಇನ್ನೂ ಪೂರ್ತಿ ಒಣಗಿರಲಿಲ್ಲ. ಹೊಸ ಇಟ್ಟಿಗೆಯ ಹದಿನೆಂಟು ಸಾಲುಗಳನ್ನು ಆಕೆ ಎಣಿಸಿದಳು, ಎರಡು ಸಲ ಅಳೆದಳು. ನಾಲ್ಕು ದಿನಗಳಲ್ಲಿ ನಲವತ್ನಾಲ್ಕನೆಯ ಹಾಳೆ ಸಿದ್ಧವಾಯಿತು. ಉತ್ತರದ ಗೋಡೆಯ ಆ ಮೂಲೆ ಮಾತ್ರ, ಪ್ರತಿಯೊಂದು ಇಟ್ಟಿಗೆಯೂ ಲೆಕ್ಕಕ್ಕೆ ತಕ್ಕಂತೆ. ಕೆಳಗೆ ಅಚ್ಚುಕಟ್ಟಾದ ಅಕ್ಷರದಲ್ಲಿ: ಮುಚ್ಚಿದ ಬಾಗಿಲು. ಕಡಿದದ್ದು 1951ರಲ್ಲಿ, ಹಣಮಂತ ಅವರನ್ನು ಮುಂಬಾಗಿಲಿನಿಂದ ದೂರವಿಡಲು. ಮುಚ್ಚಿದ್ದು 10 ಏಪ್ರಿಲ್ 2024, ಗುರಲಿಂಗಪ್ಪ ಅವರ ಆದೇಶದಂತೆ.

ಒಂದು ಪ್ರತಿಯನ್ನು ರಿಜಿಸ್ಟರ್ ಅಂಚೆಯಲ್ಲಿ ಗುರಲಿಂಗಪ್ಪನವರಿಗೇ ಕಳಿಸಿದಳು. ಇನ್ನೊಂದನ್ನು ಟಿಕೋಟಾದ ತನ್ನ ಚಿತ್ರಕಲಾ ಕೋಣೆಯ ಗೋಡೆಗೆ ಹಚ್ಚಿದಳು; ಹಾಗೆ ಹಚ್ಚಿದ್ದನ್ನೂ ಅವರಿಗೆ ಬರೆದು ತಿಳಿಸಿದ್ದಳು. ಐದನೆಯ ದಿನ ಅವರ ಫೋನು ಬಂತು. ನಾನು ಎದುರಿಗೇ ಕುಳಿತಿದ್ದೆ; ಅವರ ದನಿ ನನಗೂ ಕೇಳುವಷ್ಟು ಏರಿತ್ತು. ತಮ್ಮ ಹೆಸರನ್ನು ಯಾರ ಅನುಮತಿಯಿಂದ ಹಾಕಿದಿರಿ, ಮಕ್ಕಳು ನೋಡುವ ಜಾಗದಲ್ಲಿ ತೂಗುಹಾಕಿ ಮಾನ ಕಳೆಯುತ್ತೀರಾ, ಕೂಡಲೇ ತೆಗೆಯಿರಿ ಎಂದರು.

ವಿಶಾಖಾ ಪೂರ್ತಿ ಕೇಳಿಸಿಕೊಂಡಳು.

“ಗ್ವಾಡಿ ಒಡಸ್ರಿ ಸರ. ಹೆಸರ ತಗೀತೇನಿ.”

ಅತ್ತ ಫೋನು ಇಟ್ಟ ಸದ್ದಾಯಿತು. ಆಕೆ ಹಾಳೆಯ ಇನ್ನಷ್ಟು ಪ್ರತಿ ತೆಗೆಸಲು ಜೆರಾಕ್ಸ್ ಅಂಗಡಿಗೆ ಹೊರಟಳು. ಎಷ್ಟು ಎಂದು ಕೇಳಿದೆ. ಒಳಗೆ ಕೂತು ಬರೆದ ಹುಡುಗರಷ್ಟು, ನಲವತ್ತು ಎಂದಳು.