ಹಳೇಪೇಟೆಯಲ್ಲಿ ನನ್ನ ಕೈ ಹಿಡಿದವರು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವಳು ನಾನೇ. ನನ್ನ ತಂದೆ ಧಾರವಾಡದಲ್ಲಿ ಸಾಲೆಯ ಮಾಸ್ತರರಾಗಿದ್ದರು. ಹುಣಸೆಮರದ ದೆವ್ವದ ಕಥೆ ಹೇಳಿ ನಮ್ಮನ್ನು ಹೆದರಿಸಿದ ನೆರೆಮನೆಯಾಕೆಯನ್ನು ಅದೇ ಮರದ ಕೆಳಗೆ ಕೂಡ್ರಿಸಿ, ಹುಣಸೆಹಣ್ಣು ಬಿಡಿಸಲು ಹಚ್ಚಿದವರು ಅವರು. ಅಂಥವರ ಮಗಳು ಬರೆಯುತ್ತಿರುವ ಈ ಮಾತನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ಅದಕ್ಕೆ ಅರ್ಥ ಹಚ್ಚುವುದು ಇಷ್ಟು ವರ್ಷವಾದರೂ ನನ್ನಿಂದ ಆಗಿಲ್ಲ.

ಎರಡನೇ ಮಹಾಯುದ್ಧಕ್ಕೆ ಎರಡು ಮೂರು ವರ್ಷ ಮುಂಚಿನ ಮಾತು. ನಾನು ಮದುವೆಯಾಗಿ ಹಳಿಯಾಳಕ್ಕೆ ಬಂದಿದ್ದೆ. ನಮ್ಮವರ ಮನೆತನದ್ದು ಅಕ್ಕಿಯ ವ್ಯಾಪಾರ. ಮನೆಯಲ್ಲಿ ನಮ್ಮವರ ಅಜ್ಜಿ ಗಂಗವ್ವ ಇದ್ದರು. ಎಲ್ಲರೂ ಅವರನ್ನು ಆಯಿ ಎನ್ನುತ್ತಿದ್ದರು. ಕಣ್ಣಿಗೆ ಪೊರೆ ಬಂದು ಐದಾರು ವರ್ಷವಾಗಿತ್ತು. ಅಡಿಗೆಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತು, ನಾನು ರೊಟ್ಟಿ ಬಡಿಯುವಾಗಲೆಲ್ಲ ತಾವು ಹುಟ್ಟಿದ ಊರಿನ ಮಾತು ತೆಗೆಯುತ್ತಿದ್ದರು.

ಆ ಊರು ಜೊಯಿಡಾದ ಆಚೆ, ಘಟ್ಟ ಇಳಿಯುವ ದಾರಿಯಲ್ಲಿತ್ತು. ನಮ್ಮ ಮನೆಯಲ್ಲಿ ಅದಕ್ಕೆ ಹಳೇಪೇಟೆ ಎಂದಷ್ಟೇ ಹೆಸರು. ರಾಜರ ಕಾಲದಿಂದ ನಡೆದುಬಂದ ಪೇಟೆಯಂತೆ. ಕರಾವಳಿಯಿಂದ ಎತ್ತುಗಳ ಬೆನ್ನ ಮೇಲೆ ಉಪ್ಪು, ಕೊಬ್ಬರಿ, ಒಣಮೀನು ಹತ್ತಿ ಬರುತ್ತಿದ್ದವು. ಬಯಲುಸೀಮೆಯ ಗೋದಿ, ಬೆಲ್ಲ, ಮೆಣಸಿನಕಾಯಿ ಇಳಿದು ಹೋಗುತ್ತಿದ್ದವು. ಮಳೆಗಾಲ ಮುಗಿದು ಮೊದಲ ಉಪ್ಪಿನ ಎತ್ತು ಊರು ಮುಟ್ಟಿದ ದಿನ ಹೆಂಗಸರು ಅದರ ಕಾಲು ತೊಳೆದು ಆರತಿ ಎತ್ತಿ, ಹೊಸ ಉಪ್ಪನ್ನು ಚಿಟಿಕೆಯಷ್ಟು ಹೊಸ್ತಿಲಿಗೆ ಹಾಕುತ್ತಿದ್ದರಂತೆ. ಅಂದು ಎಲ್ಲರ ಮನೆಯಲ್ಲೂ ಅರಿಶಿಣ ಎಲೆಯಲ್ಲಿ ಸುತ್ತಿ ಬೇಯಿಸಿದ ಕಡುಬು. “ಗೋದಿ ಮ್ಯಾಲಿನ ಸೀಮಿದು, ಕಾಯಿ ಕೆಳಗಿನ ಸೀಮಿದು. ಎರಡೂ ಕೂಡತಿದ್ದದ್ದು ನಮ್ಮ ಪ್ಯಾಟ್ಯಾಗ” ಎನ್ನುತ್ತಿದ್ದರು ಆಯಿ. ಒಣಮೀನಿನ ಓಣಿ ದಾಟುವಾಗ ಮೂಗು ಮುಚ್ಚಿಕೊಂಡು ಓಡುತ್ತಿದ್ದ ಆಯಿಗೆ ಈಗ ಆ ನಾತ ಬಂದರೂ ಸಾಕು ಅನಿಸುತ್ತಿತ್ತಂತೆ.

ಅವರ ತಂದೆ ಈರಸೆಟ್ಟಿ ಉಪ್ಪಿನ ವ್ಯಾಪಾರಿ. ಆ ಪೇಟೆಯಲ್ಲಿ ದರವನ್ನು ಬಾಯಲ್ಲಿ ಹೇಳುವ ಪದ್ಧತಿ ಇರಲಿಲ್ಲ. ಕೊಳ್ಳುವವನೂ ಮಾರುವವನೂ ಕೈ ಹಿಡಿದು, ಹೆಗಲ ಮೇಲಿನ ವಸ್ತ್ರ, ಅಂದರೆ ವಲ್ಲಿ, ಅದರ ಮೇಲೆ ಮುಚ್ಚಿ, ಒಳಗೆ ಬೆರಳು ಒತ್ತಿ ಮಾತಾಡುತ್ತಿದ್ದರು. ಸುತ್ತ ನಿಂತವರಿಗೆ ಏನೂ ತಿಳಿಯುವಂತಿಲ್ಲ. ಈರಸೆಟ್ಟರು ಬಿಡುವಿದ್ದಾಗ ಮಗಳ ಕೈಯನ್ನೂ ವಲ್ಲಿಯ ಕೆಳಗೆ ತೆಗೆದುಕೊಂಡು ಆ ಬೆರಳಭಾಷೆ ಕಲಿಸಿದ್ದರು.

ಗೋವೆಗೆ ರೈಲು ಬಂದ ಮೇಲೆ ಘಟ್ಟದ ದಾರಿ ಬರಿದಾಯಿತು. “ಉಪ್ಪು ರೈಲ ಹತ್ತಿತು, ಪ್ಯಾಟಿ ನೆಲಾ ಹತ್ತಿತು” ಎಂದು ಆಯಿ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಹನ್ನೆರಡು ವರ್ಷದ ಮಗಳನ್ನು ಹಳಿಯಾಳಕ್ಕೆ ಕೊಟ್ಟು ಈರಸೆಟ್ಟರು ತಿರುಗಿ ಹೋದರು. ಒಬ್ಬೊಬ್ಬರೇ ಊರು ಬಿಟ್ಟರೂ ಅವರು ಅಂಗಡಿ ಬಿಡಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದದ್ದು ಎರಡು ತಿಂಗಳ ಮೇಲೆ. ಆಯಿಗೆ ತಂದೆಯ ಮುಖ ನೋಡುವುದೂ ಆಗಲಿಲ್ಲ.

ಆ ವರ್ಷ ದೀಪಾವಳಿಯ ಹೊತ್ತಿಗೆ ಆಯಿ ಊಟ ಬಿಡತೊಡಗಿದರು. ಅರ್ಧ ರೊಟ್ಟಿ, ಒಂದು ಗುಟುಕು ಹಾಲು, ಅಷ್ಟೇ. ಬೇನೆ ಏನೂ ಇರಲಿಲ್ಲ. ಒಂದು ಮುಂಜಾನೆ ನಮ್ಮವರನ್ನು ಕರೆದು, “ಶಿವಪ್ಪ, ನನ್ನ ಒಂದ ಸರ್ತಿ ಹಳೇಪ್ಯಾಟಿಗೆ ಕರಕೊಂಡ ಹೋಗೋ” ಎಂದರು.

“ಅಲ್ಲೇನೈತಿ ಆಯಿ? ಗ್ವಾಡಿನೂ ಉಳದಿಲ್ಲಂತ. ನಿನಗ ಕಣ್ಣರ ಎಲ್ಲಿ ಕಾಣತೈತಿ?”

“ಕಣ್ಣಿಗಿ ಕಾಣಂಗಿಲ್ಲ. ಕಾಲಿಗಿ ಕಾಣತೈತಿ.”

ನಮ್ಮವರಿಗೆ ಜೊಯಿಡಾ ಕಡೆ ಭತ್ತದ ಕೆಲಸವೂ ಇತ್ತು. ಗಾಡಿ ಕಟ್ಟಿಸಿದರು. ಹಿತ್ತಲಲ್ಲಿ ಅರಿಶಿಣ ಎಲೆ ಇನ್ನೂ ಹಸಿರಿದ್ದವು. ಆಯಿ ಹೇಳಿಕೊಟ್ಟಂತೆ ನಾನು ಕಡುಬು ಮಾಡಿ ಬುತ್ತಿ ಕಟ್ಟಿದೆ. ಜೊಯಿಡಾದಲ್ಲಿ ಒಂದು ದಿನ ಉಳಿದು, ಮರುದಿನ ಬೆಳಿಗ್ಗೆ ದಾರಿ ತೋರಿಸಲು ಆ ಕಾಡಿನಲ್ಲೇ ಬೆಳೆದ ಗಣು ಎಂಬ ಕುಣಬಿಯವನನ್ನು ಕರೆದುಕೊಂಡು ಹೊರಟೆವು. “ಥಂಯ್ ಕೋಣ್ ನಾ, ಸಾವಕಾರ್ರ. ಯಾರೂ ಇಲ್ಲ ಅಲ್ಲಿ. ನಾವು ಜೇನಿಗೆ ಹೋಗ್ತೇವಿ, ಅಷ್ಟ” ಎಂದು ಅವನು ದಾರಿಯುದ್ದಕ್ಕೂ ಹೇಳುತ್ತಿದ್ದ.

ಗಾಡಿ ಹೋಗುವಷ್ಟು ಹೋಗಿ ನಿಂತಿತು. ಅಲ್ಲಿಂದ ಆಯಿ ನನ್ನ ಕೈ ಹಿಡಿದು ನಡೆದರು. ನಡೆದರು ಎನ್ನುವುದಕ್ಕಿಂತ ನನ್ನನ್ನು ನಡೆಸಿಕೊಂಡು ಹೋದರು. ಎಲ್ಲಿ ನೋಡಿದರೂ ಗಿಡಮರ, ನಡುನಡುವೆ ಕಲ್ಲಿನ ಕಟ್ಟೆಗಳು. “ಇಲ್ಲೆ ಎಣ್ಣಿಗಾಣ. ಇಲ್ಲೆ ಸಾಬರ ಅತ್ತರದ ಅಂಗಡಿ. ಮುಂದ ಮೂರ ಮೆಟ್ಲ ಅದಾವ, ನೋಡಿ ಕಾಲಿಡು” ಎಂದರು. ತರಗೆಲೆ ಸರಿಸಿದರೆ ಮೂರು ಮೆಟ್ಟಿಲು ಇದ್ದೇ ಇದ್ದವು. ಇದರಲ್ಲಿ ವಿಚಿತ್ರವೇನೂ ನನಗೆ ಕಾಣಲಿಲ್ಲ. ಹುಟ್ಟಿದ ಮನೆಯ ದಾರಿ ಯಾರಿಗೆ ತಾನೇ ಮರೆಯುತ್ತದೆ?

ಒಂದು ಕಟ್ಟೆಯ ಮುಂದೆ ಆಯಿ ನಿಂತು, ಕೈಯಾಡಿಸಿ ಅಂಚು ಹುಡುಕಿ, ಕೂತರು. ಅದೇ ಅವರ ತಂದೆಯ ಅಂಗಡಿಯಂತೆ. ನಮ್ಮವರೂ ಗಣುವೂ ಕೊಡ ಹಿಡಿದು ಊಟಕ್ಕೆ ನೀರು ತರಲು ಬಾವಿಯ ಕಡೆ ಹೋದರು. ನೆತ್ತಿಯ ಮೇಲೆ ಬಿಸಿಲು. ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ.

ಆಯಿ ಸೆರಗಿನ ತುದಿಯನ್ನು ಬಲಗೈ ಮೇಲೆ ಮುಚ್ಚಿ, ಆ ಕೈಯನ್ನು ಮುಂದೆ ಚಾಚಿದರು. ಪಾಪ, ಮುದುಕಿಗೆ ಹಳೆಯ ಆಟ ನೆನಪಾಗಿದೆ ಎಂದುಕೊಂಡೆ. ಅಷ್ಟರಲ್ಲಿ ಸೆರಗು ಅಲುಗಿತು. ಒಂದು ಕೈಯ ಮೇಲೆ ಬಟ್ಟೆ ಹಾಸಿದರೆ ಅದು ಹೇಗೆ ಇಳಿಬೀಳುತ್ತದೆಂದು ನಿಮಗೂ ಗೊತ್ತು. ಇಲ್ಲಿ ಅದು ಆಯಿಯ ಬೆರಳುಗಳಾಚೆಗೂ ಉಬ್ಬಿ ನಿಂತಿತ್ತು, ಎದುರಿನಿಂದ ಇನ್ನೊಂದು ಕೈ ಒಳಗೆ ಬಂದಂತೆ. ಆಯಿಯ ಮುಖ ನೋಡಿದೆ. ಅವರು ಸದ್ದಿಲ್ಲದೆ ನಗುತ್ತಿದ್ದರು. ಅವರು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಎಷ್ಟು ಹೊತ್ತಾಯಿತೋ. “ಮಗಳ, ನೀನೂ ಕೈ ಕೊಡು” ಎಂದರು. “ಮನೀ ಸೊಸಿ ಬಂದಾಳ ಅಂತ ಹೇಳೇನಿ.”

ಬೇಡ ಎನ್ನಲಾಗಲಿಲ್ಲ. ಅವರು ತಮ್ಮ ಕೈ ತೆಗೆದು, ಅಲ್ಲಿ ನನ್ನ ಕೈ ಇರಿಸಿ, ಸೆರಗು ಸರಿಮಾಡಿ, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ಅವರ ಎರಡೂ ಕೈ ನನ್ನ ಕಣ್ಣ ಮುಂದೆ ಇದ್ದವು. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ.

ಸೆರಗಿನ ಕೆಳಗೆ ಒಂದು ಕೈ ನನ್ನ ಕೈ ಹಿಡಿಯಿತು. ಗಂಡಸಿನ ಕೈ. ಬೆಚ್ಚಗಿತ್ತು, ಅಂಗೈ ಒರಟಾಗಿತ್ತು. ಮೊದಲು ನಾಲ್ಕು ಬೆರಳನ್ನೂ ಕೂಡಿಸಿ ಹಿಡಿದು ಬಿಟ್ಟಿತು. ಬಳಿಕ ಕಿರುಬೆರಳನ್ನು ಮಾತ್ರ ಎರಡು ಸಲ ಮೆಲ್ಲಗೆ ಒತ್ತಿ, ಸ್ವಲ್ಪ ತಡೆಯಿತು. ನನಗೆ ಹೆದರಿಕೆಯಾಗಬೇಕಾಗಿತ್ತು, ಆಗಲಿಲ್ಲ. ಮದುವೆಯಲ್ಲಿ ಹೊಸ್ತಿಲು ದಾಟಿಸುವಾಗ ಮಾವನವರು ಕೈ ಹಿಡಿದಿದ್ದರಲ್ಲ, ಹಾಗೆ ಅನಿಸಿತು. ಕೈ ಮತ್ತೆ ಅದನ್ನೇ ಮಾಡಿತು. ಮೂರನೆಯ ಸಲವೂ ಮಾಡಿತು. ಏನು ಮಾಡಬೇಕೆಂದು ತಿಳಿಯದೆ ನಾನು ಕೈಯನ್ನು ಹಾಗೆಯೇ ಬಿಟ್ಟಿದ್ದೆ. ಆಮೇಲೆ ಹಿಡಿತ ನಿಧಾನವಾಗಿ ಸಡಿಲಿತು, ಸೆರಗು ನನ್ನ ಕೈಮೇಲೆ ಇಳಿದು ಬಿತ್ತು.

ನಮ್ಮವರು ನೀರು ತಂದರು. ಬುತ್ತಿ ಬಿಚ್ಚಿದೆವು. ಆಯಿ ಒಂದಲ್ಲ, ಮೂರು ಕಡುಬು ತಿಂದರು. ಎಲೆಯನ್ನು ಬಿಡಿಸಿ ಮೂಸಿ, ಮತ್ತೆ ಮಡಚಿ ಪಕ್ಕಕ್ಕಿಟ್ಟರು.

ಗಾಡಿಯಲ್ಲಿ ಬರುವಾಗ ಮೆಲ್ಲಗೆ ಕೇಳಿದೆ, “ಆಯಿ, ನನಗ ಏನ ಹೇಳಿದ್ರು?”

“ನಿನ್ನ ಕೈಯಾಗ ಆಡಿದ್ದು ನನಗ ಹೆಂಗ ತಿಳಿಬೇಕ ಮಗಳ? ಅದಕ್ಕಂತನ ಬಟ್ಟಿ ಹಾಕ್ತಾರ.”

“ನಿಮಗ?”

“ಹೊಟ್ಟಿ ತುಂಬ ಉಂಡಿಯೇನ ಅಂತ ಅಪ್ಪ ಕೇಳಿದ” ಎಂದು ಆಯಿ ಆಚೆ ಮುಖ ತಿರುಗಿಸಿದರು.

ನಮ್ಮವರಿಗೆ ಹೇಳಿದಾಗ ಅವರು ನಗಲಿಲ್ಲ. ಬಿಸಿಲು, ಹಸಿವು, ಆಯಿಯ ಕೈಯನ್ನೇ ನೀನು ತಪ್ಪು ತಿಳಿದಿರಬೇಕು ಎಂದರು. ನಾನೂ ಹಾಗೆಯೇ ಅಂದುಕೊಳ್ಳಲು ನೋಡಿದೆ. ಮಡಿಲಲ್ಲಿದ್ದ ಆ ಎರಡು ಕೈಗಳು ಮಾತ್ರ ಪ್ರತಿ ಸಲವೂ ಅಡ್ಡ ಬಂದವು. ಆ ಚಳಿಗಾಲವೆಲ್ಲ ಹೊಟ್ಟೆ ತುಂಬ ಉಂಡು, ಯುಗಾದಿಗೆ ಮುಂಚೆ ಆಯಿ ಮಲಗಿದಲ್ಲೇ ತೀರಿಕೊಂಡರು.

ಎರಡು ವರ್ಷದ ಮೇಲೆ ಮುಂಡಗೋಡ ಕಡೆಯ ಒಬ್ಬ ಮುದುಕ ದಲಾಲಿ ಅಕ್ಕಿಯ ವ್ಯವಹಾರಕ್ಕೆ ನಮ್ಮ ಮನೆಗೆ ಬಂದಿದ್ದರು. ಹಳೆಯ ಕಾಲದವರು, ವಲ್ಲಿಯ ಕೆಳಗೆ ದರ ಆಡಿ ಬಲ್ಲವರು. ಚಹಾ ಕೊಡುವಾಗ ಧೈರ್ಯ ಮಾಡಿ, ನನ್ನ ಬೆರಳುಗಳನ್ನು ನಾನೇ ಹಿಡಿದು ಒತ್ತಿ ತೋರಿಸಿದೆ. ಇದಕ್ಕೆ ಎಷ್ಟು ದರ ಎಂದು ಕೇಳಿದೆ.

ಅವರು ಇನ್ನೊಮ್ಮೆ ತೋರಿಸಲು ಹೇಳಿದರು. ಬಟ್ಟಲು ಕೆಳಗಿಟ್ಟು ನನ್ನನ್ನೇ ನೋಡಿದರು.

“ಇದು ದರ ಅಲ್ಲ ತಂಗಿ. ಈಗಿನ ಮಂದಿಗೆ ಗೊತ್ತ ಇಲ್ಲ ಇದು. ಘಟ್ಟದ ಹಳೇ ವ್ಯಾಪಾರಿಗಳು ವ್ಯವಹಾರ ಮುಗದ ಮ್ಯಾಲೆ ಹಿಂಗ ಕೇಳತಿದ್ರು, ‘ಮತ್ತ ಯಾವಾಗ ಬರ್ತೀರಿ?’ ಅಂತ. ನಿಮಗ ಯಾರ ಕಲಿಸಿದ್ರು?”

ಆಯಿ ಕಲಿಸಿದ್ದರು ಎಂದು ಸುಳ್ಳು ಹೇಳಿ ಒಳಗೆ ಹೋದೆ.

ಅವರು ಹೇಳಿದ್ದು ನಿಜವೋ, ಮುದುಕರು ಏನೋ ಒಂದು ಹೇಳಿದರೋ, ಗೊತ್ತಿಲ್ಲ. ಯುದ್ಧ ಬಂತು, ಮಕ್ಕಳಾದರು, ಜೊಯಿಡಾದ ಆಚೆ ಹೋಗುವ ಕಾರಣವೇ ಬರಲಿಲ್ಲ. ದೆವ್ವವನ್ನು ನಾನು ಇಂದಿಗೂ ನಂಬುವುದಿಲ್ಲ. ನಂಬದವಳಿಗೆ ಇದರಿಂದ ಮನಸ್ಸು ನೋಯಬಾರದು. ಆದರೂ ಒಬ್ಬಳೇ ಕೂತಾಗ ನನ್ನ ಎಡಗೈ ಬಲಗೈಯ ಕಿರುಬೆರಳನ್ನು ಹುಡುಕಿಕೊಂಡು ಹೋಗುತ್ತದೆ. ಎಷ್ಟೋ ವರ್ಷ ಯಾರೂ ಬಾರದ ಅಂಗಡಿಯಲ್ಲಿ ಕೂತು ಈರಸೆಟ್ಟರು ಮೂರು ಸಲ ಕೇಳಿದರು. ನಾನು ಒಂದು ಬೆರಳನ್ನೂ ಅಲ್ಲಾಡಿಸಲಿಲ್ಲ.