ಒಂದು ‘ಮಾರಾಯ್ತಿ’ಗಾಗಿ

ಬೈಗುಳ ಕೇಳಿ ಕಣ್ಣು ತುಂಬಿ ಬಂದದ್ದು ನನಗೆ ಇದೇ ಮೊದಲು. ಅದೂ ನನಗೆ ಬಿದ್ದ ಬೈಗುಳ ಅಲ್ಲ. ನಾನು ಕೊಂಡ ಬಂಗುಡೆ ಮೀನಿನ ದೆಸೆಯಿಂದ ಇನ್ನೊಬ್ಬಳಿಗೆ ಬಿದ್ದದ್ದು.

ಕಾಪುವಿನ ಹತ್ತಿರದ ನಮ್ಮ ಪುಟ್ಟ ಮೀನು ಮಾರ್ಕೆಟ್ಟಿಗೆ ಒಂದು ನಿಯಮ ಉಂಟು. ಕೂತು ಮೀನು ಮಾರುವವರು ಹೆಂಗಸರು ಮಾತ್ರ. (ಗಂಡಸರು ಸಮುದ್ರಕ್ಕೆ ಹೋಗಬಹುದು, ಐಸ್ ಒಡೆಯಬಹುದು. ಇಲ್ಲಿ ಬಾಯಿ ತೆರೆಯುವ ಹಾಗಿಲ್ಲ.) ಕೂರುವ ಜಾಗ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ. ನಾನು ಮದುವೆಯಾಗಿ ಬಂದ ಹೊಸತರಿಂದಲೂ ಮೀನು ತೆಗೆದುಕೊಳ್ಳುತ್ತಿದ್ದದ್ದು ಕಲ್ಯಾಣಕ್ಕನ ಹತ್ತಿರ. ಈಗ ಅವರಿಗೆ ಮೊಣಕಾಲು ನೋವು. ಕೂತರೆ ಏಳಲಾಗುವುದಿಲ್ಲ, ಎದ್ದರೆ ಕೂರಲಾಗುವುದಿಲ್ಲ. ಬುಟ್ಟಿ ಮಗಳು ಸುಧಾಳ ಕೈಗೆ ಬಂತು.

ರಗಳೆ ಶುರುವಾದದ್ದು ಅಲ್ಲಿಂದ. ಸುಧಾ ಟ್ರಾನ್ಸ್ ಮಹಿಳೆ. ಹುಟ್ಟಿದಾಗ ಊರು ಅವಳನ್ನು ಹುಡುಗ ಎಂದಿತು. ತಾನು ಹೆಣ್ಣು ಎಂದು ಅವಳು ಹೇಳಿದಾಗ ಅದೇ ಊರು ಕಿವಿ ಮುಚ್ಚಿಕೊಂಡಿತು. ಅವಳು ಬಾಯಿ ಮುಚ್ಚಿಕೊಳ್ಳಲಿಲ್ಲ. ಉಡುಪಿ, ಕಾರ್ಕಳ, ಹಿರಿಯಡ್ಕ ಅಂತ ತನ್ನಂಥವರನ್ನೆಲ್ಲ ಸೇರಿಸಿ ಗುಂಪು ಕಟ್ಟಿದಳು. ಬಾಡಿಗೆಗೆ ಮನೆ ಕೊಡದವರ ಬಾಗಿಲಿಗೆ ಹೋಗಿ ಕಾರಣ ಕೇಳಿದಳು. ಆಸ್ಪತ್ರೆಯ ಕ್ಯೂನಲ್ಲಿ ನಗಾಡಿದವರಿಗೆ ಅಲ್ಲೇ ಉತ್ತರ ಕೊಟ್ಟಳು. ಮಣಿಪಾಲದಲ್ಲಿ ಅವಳ ಭಾಷಣಕ್ಕೆ ಕಾಲೇಜು ಮಕ್ಕಳು ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಊರಿನ ಮಾರ್ಕೆಟ್ಟಿನಲ್ಲಿ ಬುಟ್ಟಿ ಇಡಲು ಜಾಗ ಇಲ್ಲ. ಹೇಗುಂಟು ಕಥೆ?

ಅಡ್ಡ ನಿಂತವರು ಗಿರಿಜಕ್ಕ. ಮಾರ್ಕೆಟ್ಟಿನ ಹೆಂಗಸರಿಗೆಲ್ಲ ಅವರದೇ ಯಜಮಾನಿಕೆ. ಕಲ್ಯಾಣಕ್ಕನ ಪಕ್ಕದ ಜಾಗವೇ ಅವರದ್ದು. ಕೆಟ್ಟವರಲ್ಲ. ಕಲ್ಯಾಣಕ್ಕನಿಗೆ ಹುಷಾರಿಲ್ಲದಾಗ ಅವರ ಮೀನನ್ನೂ ಮಾರಿಕೊಟ್ಟವರು. ಆದರೆ ಸುಧಾಳನ್ನು ಕಂಡರೆ ಒಂದೇ ಪಲ್ಲವಿ: "ನೋಡು ಮಾರಾಯ, ಇದು ಹೆಂಗಸರ ಸಾಲು."

ಈ ಮಾರಾಯನ ಬಗ್ಗೆ ಘಟ್ಟದ ಮೇಲಿನ ಓದುಗರಿಗೆ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಅವನಿಲ್ಲದೆ ಮಾತು ಮುಂದೆ ಹೋಗುವುದಿಲ್ಲ. ಪ್ರೀತಿಗೂ ಅವನೇ, ಸಿಟ್ಟಿಗೂ ಅವನೇ. ಗಂಡಸಾದರೆ ಮಾರಾಯ, ಹೆಂಗಸಾದರೆ ಮಾರಾಯ್ತಿ. ತುಳುವಿಗೂ ಕನ್ನಡಕ್ಕೂ ಅದು ಒಂದೇ. ಯಾರೂ ಯೋಚಿಸಿ ಹೇಳುವುದಲ್ಲ, ಬಾಯಿಗೆ ತಾನಾಗಿ ಬರುವುದು.

ಸುಧಾಳಿಗೆ ಚುಚ್ಚುತ್ತಿದ್ದದ್ದೂ ಅದೇ. "ಬೈಯಲಿ ಅಕ್ಕ, ತೊಂದರೆ ಇಲ್ಲ," ಅಂತ ಒಮ್ಮೆ ನನ್ನ ಹತ್ತಿರ ಹೇಳಿದ್ದಳು. "ಆ ಒಂದು ಶಬ್ದ ಕೇಳಿದ್ರೆ ಮಾತ್ರ ಮತ್ತೆ ಊಟ ಸೇರುದಿಲ್ಲ."

ಕಳೆದ ವಾರ ಜಗಳ ಬಗೆಹರಿಸಲು ಅಧಿಕಾರಿಯೊಬ್ಬರು ಬಂದರು. ಈ ಕಡೆಯವರಲ್ಲ, ಹೊಸಬರು, ಒಳ್ಳೆಯ ಮನುಷ್ಯ. ಅವರಿಗೆ ತುಳು ಬಾರದು ಎಂದು ಮಾರ್ಕೆಟ್ಟಿನ ಎಲ್ಲರ ಕನ್ನಡವೂ ಅವತ್ತು ಹೊರಗೆ ಬಂದಿತ್ತು. ಸುಧಾ ಬೆಳಿಗ್ಗೆಯೇ ಬಂಗುಡೆ ಬುಟ್ಟಿ ಇಟ್ಟು ಅಮ್ಮನ ಜಾಗದಲ್ಲಿ ಕೂತಿದ್ದಳು. ಕಾರ್ಕಳದಿಂದ ಮೊದಲ ಬಸ್ಸಿಗೆ ಬಂದ ಗೆಳತಿಯರು ಅವಳ ಹಿಂದೆ ನಿಂತಿದ್ದರು.

ಅಧಿಕಾರಿ ಯಾರಿಗೂ ನೋವಾಗದ ದಾರಿ ಹುಡುಕಿದರು. "ಗೇಟಿನ ಹತ್ತಿರ ನಿಮಗೇ ಅಂತ ಒಂದು ಸ್ಪೆಷಲ್ ಕೌಂಟರ್ ಮಾಡಿಸೋಣ ಮೇಡಂ. ಬೋರ್ಡೂ ಹಾಕಿಸೋಣ."

"ಸ್ಪೆಷಲ್ ಬೇಡ ಸರ್," ಎಂದಳು ಸುಧಾ. "ಅಮ್ಮ ಕೂತ ಜಾಗ ಸಾಕು. ಇದು ಮಗಳಿಗೆ ಬರುವ ಜಾಗ. ನಾನು ಅವರ ಮಗಳು."

ಗಿರಿಜಕ್ಕ ಮುಖ ತಿರುಗಿಸಿ ಮೀನಿಗೆ ಐಸ್ ಹಾಕಿದರು. ನನಗೆ ಸುಮ್ಮನೆ ನಿಂತು ಅಭ್ಯಾಸ ಇಲ್ಲ (ನಮ್ಮ ಮನೆಯವರನ್ನು ಕೇಳಿ). ಚೀಲ ಬಿಡಿಸಿ ಸುಧಾಳ ಎದುರು ಕೂತೆ. "ಬಂಗುಡೆ ಕೊಡು. ಬೋಣಿ ನನ್ನದೇ."

ಸುಧಾಳ ಮುಖ ಅರಳಿತು. ಆ ಖುಷಿಯಲ್ಲಿ ಅವಳು ಒಂದು ತಪ್ಪು ಮಾಡಿದಳು. ನಾನು ಕೇಳುವ ಮೊದಲೇ ಕೊಸರು ಅಂತ ಮೇಲಿಂದ ಎರಡು ಬಂಗುಡೆ ಹಾಕಿದಳು. ಅದೂ ದೊಡ್ಡವು. ಮೀನು ಮಾರ್ಕೆಟ್ಟಿನಲ್ಲಿ ಇದಕ್ಕಿಂತ ದೊಡ್ಡ ಅಪರಾಧ ಇಲ್ಲ. ಕೊಸರು ಅಂದರೆ ಗಿರಾಕಿ ಕೇಳಬೇಕು, ಮಾರುವವಳು ಇಲ್ಲ ಅನ್ನಬೇಕು, ಗಿರಾಕಿ ಎದ್ದು ಹೋಗುವ ಹಾಗೆ ಮಾಡಬೇಕು, ಆಮೇಲೆ ಒಂದು ಸಣ್ಣದು ಬೀಳಬೇಕು.

ಗಿರಿಜಕ್ಕನಿಗೆ ತಡೆಯಲಾಗಲಿಲ್ಲ.

"ಎಂತ ಮಾರಾಯ್ತಿ ನೀನು? ಕೇಳುವ ಮೊದಲೇ ಕೊಸರು ಹಾಕುದಾ? ನಾಳೆಯಿಂದ ಎಲ್ಲರೂ ನಮ್ಮ ಹತ್ರವೂ ಹೀಗೇ ಎರಡೆರಡು ಕೇಳ್ತಾರೆ. ನಿನ್ನ ಅಮ್ಮ ಕಲಿಸಿದ್ದು ಇದನ್ನಾ?"

ಐಸ್ ಒಡೆಯುವವನ ಕೈ ಅಲ್ಲೇ ನಿಂತಿತು.

ಅಧಿಕಾರಿ ಹೊಸಬರಲ್ಲವೇ? ಮಾರಾಯ್ತಿ ಎಂದರೆ ಯಾವುದೋ ಕೆಟ್ಟ ಬೈಗುಳ ಎಂದುಕೊಂಡರು. "ನೋಡಮ್ಮಾ, ಮರ್ಯಾದೆ ಕೊಟ್ಟು ಮಾತಾಡಿ. ಇವರಿಗೆ ಅವಮಾನ ಮಾಡಿದರೆ ಕಾನೂನು ಇದೆ. ಆ ಮಾತು ವಾಪಸ್ ತಗೊಳ್ಳಿ."

ಸುಧಾ ಎದ್ದು ನಿಂತಳು. ಕೆನ್ನೆ ಒದ್ದೆಯಾಗಿತ್ತು. "ಸರ್, ದಮ್ಮಯ್ಯ, ವಾಪಸ್ ತೆಗೆಸಬೇಡಿ. ಅದನ್ನು ಕೇಳ್ಲಿಕ್ಕೇ ನಾನು ಇಷ್ಟು ವರ್ಷ ಓಡಾಡಿದ್ದು."

ತನ್ನ ಬಾಯಿಂದ ಏನು ಬಂತು ಎಂದು ಗಿರಿಜಕ್ಕನಿಗೆ ತಿಳಿದದ್ದೇ ಆಗ. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಬಾಯಿ ತಪ್ಪಿ ಬಂತು ಎಂದು ಹೇಳಿ ಮುಗಿಸಬಹುದಿತ್ತು. ಅವರು ಸೆರಗು ಸಿಕ್ಕಿಸಿಕೊಂಡು ಅಧಿಕಾರಿಯ ಕಡೆ ತಿರುಗಿದರು.

"ವಾಪಸ್ ಎಂತಕ್ಕೆ ತೆಗೀಬೇಕು? ಹೇಳಿದ್ದು ಹೇಳಿದ್ದೇ."

ಮತ್ತೆ ಸುಧಾಳಿಗೆ: "ಬುಟ್ಟಿ ಸ್ವಲ್ಪ ಆಚೆ ಎಳ್ಕೋ ಮಾರಾಯ್ತಿ. ನಿನ್ನ ಮೀನಿನ ನೀರೆಲ್ಲ ನನ್ನ ಸೀರೆಗೆ ಬರ್ತಾ ಉಂಟು."

ಹಿಂದೆ ನಿಂತ ಗೆಳತಿಯರಲ್ಲಿ ಒಬ್ಬಳು ಅಳುತ್ತಿದ್ದಳು. ಇನ್ನೊಬ್ಬಳು ಬಂಗುಡೆಯ ರೇಟು ಕೇಳಲು ಶುರು ಮಾಡಿದ್ದಳು.

ಕೋರ್ಟು ಇವರಿಗೆ ಒಂದು ಹೆಸರು ಕೊಟ್ಟಿದೆ, ಸರಕಾರ ಇನ್ನೊಂದು, ಭಾಷಣಕಾರರು ಮತ್ತೊಂದು. ಬೇಡ ಅನ್ನುವುದಿಲ್ಲ, ಎಲ್ಲವೂ ಬೇಕು. ಬೀದಿಗಿಳಿದು ಹೋರಾಡಿದವರ ಬೆವರು ಅದರಲ್ಲಿ ಉಂಟು. ಆ ಬೆವರಿಲ್ಲದಿದ್ದರೆ ಅಧಿಕಾರಿ ನಮ್ಮ ಮಾರ್ಕೆಟ್ಟಿಗೆ ಕಾಲಿಡುತ್ತಲೂ ಇರಲಿಲ್ಲ. ಆದರೆ ಗಿರಿಜಕ್ಕನ ನಾಲಗೆಗೆ ಯಾವ ಕಾನೂನು ತಾಗುತ್ತದೆ? ಅಲ್ಲಿಗೆ ಸುಧಾಳೇ ಹೋಗಿ ಕೂರಬೇಕಾಯಿತು, ಬುಟ್ಟಿ ಸಮೇತ. ಅವಳ ಬಗ್ಗೆ ನನಗೆ ಹೆಮ್ಮೆ. ಸಿಟ್ಟಿನಲ್ಲೂ ಸರಿಯಾದ ಶಬ್ದವನ್ನೇ ಹೇಳಿದ ಗಿರಿಜಕ್ಕನ ಬಗ್ಗೆಯೂ ಹೆಮ್ಮೆ.

(ಮಾತು ವಾಪಸ್ ತೆಗೆಯದ ಗಿರಿಜಕ್ಕ, ನನ್ನ ಚೀಲಕ್ಕೆ ಕೈ ಹಾಕಿ ಆ ಎರಡು ಬಂಗುಡೆಯನ್ನು ಮಾತ್ರ ವಾಪಸ್ ತೆಗೆದರು.)

ಸನ್ಮಾನ ಅಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ ಎಂದು ತಿಳಿದವರಿಗೆ ನನ್ನದೊಂದು ಪ್ರಶ್ನೆ: ನಿಮಗೆ ಯಾರಾದರೂ ಇಷ್ಟು ಮರ್ಯಾದೆಯಿಂದ ಬೈದದ್ದು ಉಂಟಾ?